ಮೂರು ರೂಟರ್, ಮೂರು ಬಗೆಯ ತಲೆನೋವು

ವೈಫೈ ರೂಟರ್‌ಗಳ ಹೋಲಿಕೆ ಹುಡುಕಿದರೆ ಸಿಗುವುದೆಲ್ಲ ವೇಗದ ಲೆಕ್ಕ. ಯಾವುದರ ಸಿಗ್ನಲ್ ಎಷ್ಟು ಗೋಡೆ ದಾಟುತ್ತದೆ, ಯಾವುದಕ್ಕೆ ಎಷ್ಟು ಫೋನ್ ಜೋಡಿಸಬಹುದು, ಇಷ್ಟೇ. ಹೊಸದರಲ್ಲಿ ಅದು ಸರಿ. ಒಂದೆರಡು ವರ್ಷ ಕಳೆದು ಡಬ್ಬಿ ಕೈಕೊಟ್ಟಾಗ ಏನಾಗುತ್ತದೆ ಅನ್ನುವುದು ಮಾತ್ರ ಎಲ್ಲೂ ಸಿಗುವುದಿಲ್ಲ. ನಾನು ಬಳಸಿದ ಮೂರು ರೂಟರ್‌ಗಳನ್ನು ಇಲ್ಲಿ ಆ ಒಂದು ವಿಷಯಕ್ಕಷ್ಟೇ ಹೋಲಿಸುತ್ತೇನೆ: ಕೆಟ್ಟಾಗ ಕೈಹಿಡಿಯುವವರು ಯಾರು?

ಮೊದಲನೆಯದು ದೊಡ್ಡ ಕಂಪನಿಯೊಂದರ ಮೆಶ್ ಸೆಟ್, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ವೈಫೈ ಹರಡುವ ಡಬ್ಬಿಗಳು. ಬಿಳಿ ಬಣ್ಣ, ಹೊರಗೆ ಆಂಟೆನಾ ಇಲ್ಲ, ಎಲ್ಲವೂ ಆ್ಯಪ್‌ನಲ್ಲೇ. ಎರಡನೆಯದು ಇನ್ನೊಂದು ಕಂಪನಿಯ ಮಾಮೂಲಿ ರೂಟರ್, ನಾಲ್ಕು ಆಂಟೆನಾ ಇರುವಂಥದ್ದು. ಮೂರನೆಯದು, ಕಂಪನಿಯ ಸಾಫ್ಟ್‌ವೇರ್ ತೆಗೆದು ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಂಡ ರೂಟರ್; ಅದು ರೂಟರ್‌ಗಳಿಗೆಂದೇ ಇರುವ, ಯಾರು ಬೇಕಾದರೂ ಬಳಸಬಹುದಾದ ಉಚಿತ ಸಾಫ್ಟ್‌ವೇರ್. ಕಂಪನಿಗಳ ಹೆಸರು ಬೇಡ ಬಿಡಿ.

ಶುರುವಿನಲ್ಲಿ ಮೆಶ್‌ಗೇ ಪೂರ್ತಿ ಅಂಕ. ಪ್ಲಗ್ ಹಾಕು, ಆ್ಯಪ್ ತೆರೆ, ಲಾಗಿನ್ ಆಗು, ಮುಗಿಯಿತು. ತೊಂದರೆ ಇರುವುದೂ ಆ ಲಾಗಿನ್‌ನಲ್ಲೇ. ಇಂಟರ್ನೆಟ್ ಹೋದ ದಿನ ಏನಾಗಿದೆ ನೋಡೋಣ ಅಂತ ಆ್ಯಪ್ ತೆರೆದರೆ, ಅದು ಮೊದಲು ಕಂಪನಿಯ ಸರ್ವರ್‌ಗೆ ಹೋಗಿ ಲಾಗಿನ್ ಆಗಬೇಕು. ಸರ್ವರ್ ತಲುಪಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಸರಿ ಮಾಡೋಕೇ ತಾನೆ ಆ್ಯಪ್ ತೆರೆದದ್ದು! ಫೋನಿನ ಡೇಟಾ ಆನ್ ಮಾಡಿ ಒಳಗೆ ಹೋದರೆ ‘ಸಾಧನ ಆಫ್‌ಲೈನ್ ಇದೆ’ ಅಂತ ಹೇಳಿ ಸುಮ್ಮನಾಗುತ್ತದೆ. ಅದು ನನಗೂ ಗೊತ್ತಿತ್ತು. ಬ್ರೌಸರ್‌ನಲ್ಲಿ ವಿಳಾಸ ಹೊಡೆದು ಒಳಹೋಗುವ ಹಳೆಯ ದಾರಿಯನ್ನು ಈ ಮಾಡೆಲ್‌ನಲ್ಲಿ ಕೊಟ್ಟೇ ಇಲ್ಲ. ಲಾಗ್ (ಏನೇನಾಯಿತು ಅಂತ ರೂಟರ್ ತಾನೇ ಬರೆದಿಡುವ ದಾಖಲೆ) ನೋಡುವ ಹಾಗಿಲ್ಲ. ಡಬ್ಬಿಯ ಮೇಲಿರುವ ಒಂದೇ ದೀಪ ಕೆಂಪಾಗಿದೆಯೋ ಬಿಳಿಯಾಗಿದೆಯೋ, ನಮಗೆ ಸಿಗುವ ಮಾಹಿತಿ ಅಷ್ಟೇ.

ಒಂದು ಅಪ್‌ಡೇಟ್ ಆದ ಮೇಲೆ ಎರಡನೇ ಡಬ್ಬಿ ಆಗಾಗ ಮೊದಲನೆಯದರಿಂದ ಕಳಚಿಕೊಳ್ಳತೊಡಗಿತು. ಅಪ್‌ಡೇಟ್ ಬೇಡ ಅನ್ನುವ ಆಯ್ಕೆ ಇಲ್ಲ, ಹಿಂದಿನ ಆವೃತ್ತಿಗೆ ಹೋಗುವ ಆಯ್ಕೆಯೂ ಇಲ್ಲ. ಕಸ್ಟಮರ್ ಕೇರ್ ಚಾಟ್‌ನಲ್ಲಿ ಪ್ರತಿ ಸಲ ಹೊಸಬರು ಬರುತ್ತಿದ್ದರು. ಪ್ರತಿಯೊಬ್ಬರೂ ರೀಸ್ಟಾರ್ಟ್ ಮಾಡಿ, ರೀಸೆಟ್ ಮಾಡಿ, ಸೀರಿಯಲ್ ನಂಬರ್ ಕಳಿಸಿ, ಬಿಲ್ಲಿನ ಫೋಟೊ ಕಳಿಸಿ ಅನ್ನುವಲ್ಲಿಂದಲೇ ಶುರು ಮಾಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದೆ ಇಟ್ಟಿರುವ ಪಟ್ಟಿ ಬಿಟ್ಟು ಮಾತಾಡುವ ಅಧಿಕಾರ ಅವರಿಗೆ ಇಲ್ಲ, ಅಲ್ವಾ? ಅಪ್‌ಡೇಟ್‌ನಿಂದ ಹೀಗಾಗಿದೆ ಅಂತ ಒಪ್ಪಿಕೊಳ್ಳಬಲ್ಲವರ ಹತ್ತಿರ ನಮ್ಮ ಮಾತು ಹೋಗುವುದೇ ಇಲ್ಲ.

ಎರಡನೆಯ ರೂಟರ್‌ನ ಕಾಯಿಲೆ ಬೇರೆ. ಸಂಜೆ ಎಲ್ಲರೂ ಬಳಸುವ ಹೊತ್ತಿಗೆ ತಾನಾಗೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹಗಲು ಚೆನ್ನಾಗಿಯೇ ಇರುತ್ತಿತ್ತು. ವಾರಂಟಿ ಇದ್ದುದರಿಂದ ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ಅವರು ಪರೀಕ್ಷೆ ಮಾಡಿ ‘ದೋಷ ಕಂಡಿಲ್ಲ’ ಎಂದು ಬರೆದು ಹಿಂದಿರುಗಿಸಿದರು. ಮತ್ತೆ ದೂರು ಕೊಟ್ಟಾಗ ಬೇರೆ ರೂಟರನ್ನೇ ಕೊಟ್ಟರು, ಅದು ರಿಪೇರಿ ಆಗಿ ಬಂದ ಹಳೆಯ ಡಬ್ಬಿ. ಅಡಾಪ್ಟರ್ ಮಾತ್ರ ಅದೇ ಇರಲಿ ಅಂದರು. ಬದಲಿಗೆ ಬಂದ ಡಬ್ಬಿಯೂ ಸಂಜೆ ಆರತೊಡಗಿತು!

ಆಗ ಸಂಶಯ ಅಡಾಪ್ಟರ್ ಮೇಲೆ ಬಂತು. ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸಿತು. ಆದರೆ ಅದು ಹೊರೆ ಇಲ್ಲದಾಗಿನ, ಅಂದರೆ ರೂಟರ್ ಜೋಡಿಸದಾಗಿನ ಅಳತೆ. ಅಡಾಪ್ಟರ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳುವ, ಒಳಗೆ ದ್ರವ ಇರುವ ಪುಟ್ಟ ಭಾಗ) ಒಣಗುತ್ತಾ ಬಂದರೆ, ಖಾಲಿ ಇದ್ದಾಗ ವೋಲ್ಟೇಜ್ ಸರಿಯಿರುತ್ತದೆ, ರೂಟರ್ ಜಾಸ್ತಿ ಕರೆಂಟ್ ಎಳೆದ ಕ್ಷಣ ಕುಸಿಯುತ್ತದೆ. ರೂಟರ್‌ಗೆ ಅದು ಕರೆಂಟ್ ಹೋದ ಹಾಗೆಯೇ. ಈ ಕೆಪಾಸಿಟರ್‌ಗಳ ಮೇಲೆ ‘105 ಡಿಗ್ರಿ’ ಅಂತ ಬರೆದಿರುತ್ತಾರೆ. ಅಗ್ಗದವಕ್ಕೆ ಆ ಬಿಸಿಯಲ್ಲಿ ಹೇಳುವ ಆಯಸ್ಸು ಸಾಮಾನ್ಯವಾಗಿ 1000ದಿಂದ 2000 ಗಂಟೆ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್ ಕೆಲಸದವರ ಲೆಕ್ಕ. ಗಾಳಿ ಆಡದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಗಲೂ ರಾತ್ರಿ ಬೇಯುವ ಅಡಾಪ್ಟರ್‌ನಲ್ಲಿ ಈ ಲೆಕ್ಕ ಬೇಗ ಮುಗಿಯುತ್ತದೆ.

ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್, ಪ್ಲಗ್‌ನ ಪ್ಲಸ್ ಮೈನಸ್ ಒಂದೇ ಇರುವ ಬೇರೆ ಅಡಾಪ್ಟರ್ ಹಾಕಿದೆ. ಆರುವುದು ನಿಂತಿತು. ಸರ್ವಿಸ್ ಸೆಂಟರ್‌ನಲ್ಲಿ ತಮ್ಮ ಒಳ್ಳೆಯ ಅಡಾಪ್ಟರ್ ಹಾಕಿಯೇ ಪರೀಕ್ಷೆ ಮಾಡಿರಬೇಕು. ಹಾಗಿದ್ದರೆ ದೋಷ ಕಾಣುವುದಾದರೂ ಹೇಗೆ? ನಿಮ್ಮ ಯಾವ ಸಾಧನವೇ ಆಗಲಿ, ಹೀಗೆ ಆರಿ ಹೊತ್ತಿದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.

ಹಾರ್ಡ್‌ವೇರ್ ಸರಿಹೋದರೂ ಸಾಫ್ಟ್‌ವೇರ್ ಸರಿಯಾಗಲಿಲ್ಲ. ಕಂಪನಿಯ ಡೌನ್‌ಲೋಡ್ ಪುಟದಲ್ಲಿ ಇದ್ದ ಕೊನೆಯ ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ರೂಟರ್ ಮಾರುಕಟ್ಟೆಗೆ ಬಂದ ವರ್ಷದ್ದೇ. ನಡೆಯುತ್ತಿದೆಯಲ್ಲ, ಅಪ್‌ಡೇಟ್ ಯಾಕೆ ಅಂತ ಕೇಳಬಹುದು. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಕುತಂತ್ರಾಂಶ 54 ದೇಶಗಳಲ್ಲಿ ಕಡಿಮೆ ಅಂದರೂ 5 ಲಕ್ಷ ಸಾಧನಗಳಿಗೆ ನುಗ್ಗಿತ್ತು. ಹೆಚ್ಚಿನವು ಮನೆ, ಸಣ್ಣ ಆಫೀಸುಗಳ ಇಂಥ ರೂಟರ್‌ಗಳೇ. ಎಲ್ಲರೂ ರೂಟರ್ ರೀಸ್ಟಾರ್ಟ್ ಮಾಡಿ ಅಂತ ಅಮೆರಿಕದ ಎಫ್‌ಬಿಐ ಹೇಳಬೇಕಾಯಿತು. ಮೆಶ್ ಈ ವಿಷಯದಲ್ಲಿ ಪರವಾಗಿಲ್ಲ, ಅಪ್‌ಡೇಟ್ ತಾನಾಗೇ ಬರುತ್ತದೆ, ಕಂಪನಿ ನಿಲ್ಲಿಸುವ ತನಕ. ನಿಲ್ಲಿಸಿದ ಮೇಲೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳೋಣ ಅಂದರೆ ನನ್ನ ಸೆಟ್‌ನ ಬೀಗ ಹಾಗಿದೆ: ಕಂಪನಿಯ ಡಿಜಿಟಲ್ ಸಹಿ ಇಲ್ಲದ ಯಾವುದೂ ಅದರಲ್ಲಿ ಓಡುವುದಿಲ್ಲ.

ಇನ್ನು ಮೂರನೆಯದು. ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೇ ಇಂಥ ಜಗಳದಿಂದ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರ್ ಒಳಗೆ ಲಿನಕ್ಸ್ ಅನ್ನುವ ಮುಕ್ತ ಕಾರ್ಯಾಚರಣೆ ತಂತ್ರಾಂಶ ಇದೆ ಅಂತ ಜನ ಪತ್ತೆ ಹಚ್ಚಿದರು. ಲಿನಕ್ಸ್‌ನ ಪರವಾನಗಿ ಪ್ರಕಾರ ಮೂಲ ಕೋಡ್ ಕೊಡಲೇಬೇಕು ಅಂತ ಪಟ್ಟು ಹಿಡಿದರು. 2003ರಲ್ಲಿ ಕಂಪನಿ ಕೋಡ್ ಬಿಟ್ಟಿತು. 2004ರಲ್ಲಿ ಈ ಯೋಜನೆ ಶುರುವಾಯಿತು. ಹೆಸರಿನ ಕೊನೆಯ ಅಕ್ಷರಗಳೂ ಆ ರೂಟರ್‌ನವೇ.

ಇಲ್ಲಿ ಫೋನ್ ಮಾಡಲು ಯಾರೂ ಇಲ್ಲ, ಅದು ಮೊದಲೇ ಗೊತ್ತಿರಲಿ. ಆದರೆ ಲಾಗ್ ಇದೆ. ಸಂಪರ್ಕ ಕಡಿದದ್ದು ನನ್ನ ರೂಟರ್‌ನಿಂದಲೋ ಇಂಟರ್ನೆಟ್ ಕೊಡುವವರಿಂದಲೋ ಅಂತ ಸಮಯದ ಸಮೇತ ಕಾಣುತ್ತದೆ. ಅದನ್ನು ಇಂಟರ್ನೆಟ್ ಕಂಪನಿಗೆ ಕಳಿಸಿದಾಗ ‘ರೀಸ್ಟಾರ್ಟ್ ಮಾಡಿ’ ಅನ್ನುವ ಮಾತೇ ಬರಲಿಲ್ಲ, ನೇರವಾಗಿ ಲೈನ್ ನೋಡಲು ಜನ ಬಂದರು. ಒಂದು ಅಪ್‌ಡೇಟ್ ಅರ್ಧಕ್ಕೆ ನಿಂತು ರೂಟರ್ ಸತ್ತೇ ಹೋಯಿತು ಅನ್ನಿಸಿದಾಗ, ಕೇಬಲ್ ಜೋಡಿಸಿ ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಮೂಲಕ ಮತ್ತೆ ಎಬ್ಬಿಸಿದೆ. ದಾರಿ ಪೂರ್ತಿ ಓಪನ್‌ಡಬ್ಲ್ಯುಆರ್‌ಟಿ ತಾಣದಲ್ಲಿರುವ ಆ ಮಾಡೆಲ್‌ನ ವಿಕಿ ಪುಟದಲ್ಲಿತ್ತು.

ಕಷ್ಟಗಳೂ ಇವೆ. ಹಾಕಿದ ಮೇಲೆ ನನ್ನ ರೂಟರ್‌ನಲ್ಲಿ ವೈಫೈ ಆಫ್ ಆಗಿಯೇ ಇತ್ತು, ಕೇಬಲ್ ಹಾಕಿ ನಾವೇ ಆನ್ ಮಾಡಬೇಕು. ಕೆಲವು ಚಿಪ್‌ಗಳಲ್ಲಿ ಕಂಪನಿ ಸಾಫ್ಟ್‌ವೇರ್ ಕೊಡುತ್ತಿದ್ದಷ್ಟು ವೇಗ ಸಿಗುವುದಿಲ್ಲ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಆಸೆ ಬಿಡುವುದೇ ವಾಸಿ, ಚಿಪ್ ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಸಿಗುವುದು ಕಷ್ಟ. ಮೀಡಿಯಾಟೆಕ್, ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ಗೆಲುವು ಜಾಸ್ತಿ. 4 ಎಂಬಿ ಫ್ಲ್ಯಾಶ್ (ಸಾಫ್ಟ್‌ವೇರ್ ಉಳಿಸಿಡುವ ಜಾಗ), 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರ್‌ಗಳನ್ನು ಓಪನ್‌ಡಬ್ಲ್ಯುಆರ್‌ಟಿಯವರೂ 19.07 ಆವೃತ್ತಿಯ ನಂತರ ಕೈಬಿಟ್ಟರು. ಜಾಗ ಸಾಲದೆ ಬಿಟ್ಟದ್ದು, ಕಾರಣವನ್ನೂ ಹೇಳಿದರು. ಬಿಡುವ ಮುಂಚೆ ಹೇಳುವ ಆ ಮರ್ಯಾದೆಯನ್ನು ಉಳಿದ ಎರಡೂ ಕಂಪನಿಗಳು ನನಗೆ ತೋರಿಸಲಿಲ್ಲ.

ಸೆಟ್ಟಿಂಗ್ ಅಂದರೆ ದೂರ ಓಡುವವರಿಗೆ ನಾನು ಈಗಲೂ ಮೆಶ್ ಬೇಡ ಅನ್ನುವುದಿಲ್ಲ. ಆದರೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಬರವಣಿಗೆಯಲ್ಲಿ ಹೇಳದ ಕಂಪನಿಯ ಮೆಶ್ ತೆಗೆದುಕೊಳ್ಳಬೇಡಿ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಹೀಗೆ ಹೇಳುವುದು ಕಡ್ಡಾಯ. ಐರೋಪ್ಯ ಒಕ್ಕೂಟದಲ್ಲಿ 2027ರ ಡಿಸೆಂಬರ್‌ನಿಂದ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಕೊಡಬೇಕಾಗುತ್ತದೆ. ಅಲ್ಲಿಗೆ ಹೇಳಿದ ಮಾತು ಬೇರೆ ಕಡೆಯ ಗಿರಾಕಿಗಳಿಗೂ ಅನ್ವಯಿಸುತ್ತದೆಯೇ ಅಂತ ಕೇಳಿಯೇ ಕೊಳ್ಳಿ.

ನನ್ನ ಮನೆಯಲ್ಲಿ ಈಗ ಇರುವುದು ಮೂರನೆಯದು. ಎರಡನೆಯದು ಹೊಸ ಅಡಾಪ್ಟರ್ ಜೊತೆ, ಹೊರಗಿನ ಇಂಟರ್ನೆಟ್‌ಗೆ ನೇರ ಮುಖ ಕೊಡದೆ, ಬರೀ ಕೇಬಲ್‌ಗಳನ್ನು ಒಟ್ಟಿಗೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಆಗಿ ಒಳಗಡೆ ಕೆಲಸ ಮಾಡುತ್ತಿದೆ. ಮೆಶ್ ಡಬ್ಬಿಗಳು ಇ-ತ್ಯಾಜ್ಯಕ್ಕೆ ಹೋದವು. ಮುಂದಿನದನ್ನು ಕೊಳ್ಳುವಾಗ ಪೆಟ್ಟಿಗೆಯ ಮುಂಭಾಗ ಓದುವುದಿಲ್ಲ. ತಳದ ಲೇಬಲ್‌ನಲ್ಲಿ ಮಾಡೆಲ್ ಪಕ್ಕದ ವಿ1, ವಿ2 ಅನ್ನುವುದನ್ನು ನೋಡುತ್ತೇನೆ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಅದೇ ಆವೃತ್ತಿ ಓಪನ್‌ಡಬ್ಲ್ಯುಆರ್‌ಟಿಯ ಸಾಧನಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ ಬಿಲ್ ಮಾಡಿಸುತ್ತೇನೆ.