ಕಾಫಿ ಹೂವಿನ ನೀರಿಗೆ ಯಾವುದು ಒಳ್ಳೇದು: ಕರೆಂಟ್ ಮೋಟಾರಾ, ಡೀಸೆಲ್ ಇಂಜಿನ್ನಾ, ಸೋಲಾರಾ?

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ನಮ್ಮ ರೊಬಸ್ಟಾ ಕಾಫಿ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಯಲೇಬೇಕು. ಈ ಕೆಲಸಕ್ಕೆ ಮೂರನ್ನೂ ಬಳಸಿ ನೋಡಿದ್ದೇನೆ.

ಹೂವು ಅರಳಲು ಒಂದರಿಂದ ಒಂದೂವರೆ ಇಂಚು ನೀರು ಒಂದೇ ಸಲಕ್ಕೆ ಬೀಳಬೇಕು. ಎಕರೆಗೆ ಒಂದಿಂಚು ಅಂದರೇ ಲಕ್ಷ ಲೀಟರ್ ದಾಟುತ್ತದೆ. ಅರ್ಧಂಬರ್ಧ ನೆನೆದ ಮೊಗ್ಗು ಸರಿಯಾಗಿ ಅರಳುವುದಿಲ್ಲ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಹಾಗಾಗಿ ತೋಟವೆಲ್ಲ ಒಟ್ಟಿಗೆ ಅರಳಬೇಕು. ಹೂವು ಕೆಟ್ಟರೆ ಆ ವರ್ಷದ ಫಸಲಿಗೇ ಪೆಟ್ಟು.

ಕರೆಂಟ್ ಮೋಟಾರ್‌ಗೆ ಖರ್ಚು ಕಡಿಮೆ, ಸದ್ದಿಲ್ಲ, ಪಕ್ಕದಲ್ಲೇ ಆಳು ಕಾಯಬೇಕಿಲ್ಲ. ತೊಂದರೆ ಇರುವುದು ಲೈನಿನಲ್ಲಿ. ನಮ್ಮ ಕೆರೆಗೂ ಟಿಸಿಗೂ (ಟ್ರಾನ್ಸ್‌ಫಾರ್ಮರ್) ಬಹಳ ದೂರ. ಹೂವಿನ ಸಮಯಕ್ಕೆ ಎಲ್ಲರ ಮೋಟಾರೂ ಒಟ್ಟಿಗೆ ಓಡುತ್ತವೆ. 415 ಇರಬೇಕಾದ ವೋಲ್ಟೇಜ್ ಕುಸಿಯುತ್ತದೆ. ಆಗ ಮೋಟಾರ್ ಜಾಸ್ತಿ ಆಂಪ್ಸ್ ಎಳೆದು ಬಿಸಿಯಾಗುತ್ತದೆ, ವೈಂಡಿಂಗ್ ಸುಡುತ್ತದೆ. ಮೋಟಾರ್ ಉಳಿದರೂ ಪ್ರೆಷರ್ ಇಳಿದು ಸ್ಪ್ರಿಂಕ್ಲರ್ ಜೆಟ್ಟಿನ ನೀರು ದೂರ ಹಾರಲ್ಲ. ಸಾಲಿನ ನಡುವಿನ ಗಿಡಗಳು ಒಣಗಿಯೇ ಉಳಿಯುತ್ತವೆ. ಒಂದು ಫೇಸ್ ಹೋದರಂತೂ ಕೆಲಸವೇ ನಿಂತಿತು. ಲೈನ್‌ಮನ್ ಒಬ್ಬರೇ ಎಷ್ಟು ಹಳ್ಳಿ ಸುತ್ತುತ್ತಾರೆ ಪಾಪ! ತಂತಿ, ಟಿಸಿ ಹೆಚ್ಚಾಗದೆ ಇದು ಸರಿಹೋಗುವ ಮಾತಲ್ಲ.

ಡೀಸೆಲ್ ಇಂಜಿನ್ ದುಬಾರಿ. ಡೀಸೆಲ್ ಹೊತ್ತು ತರಬೇಕು, ಕಿವಿ ಕಿವುಡಾಗುವಷ್ಟು ಸದ್ದು, ಒಬ್ಬರು ಹತ್ತಿರವೇ ಇರಬೇಕು. ಆದರೆ ಪ್ರೆಷರ್ ಕೊನೆವರೆಗೂ ಒಂದೇ ಸಮ. ರಾತ್ರಿಯೂ ಓಡಿಸಬಹುದು. ಹೂವಿಗೆ ನಾನು ಇದನ್ನೇ ನಂಬುವುದು.

ಸೋಲಾರ್ ಪಂಪ್‌ಗೆ 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಸಹಾಯಧನ ಕೊಡುತ್ತಾ ಬಂದಿದ್ದಾರೆ. ಬಯಲುಸೀಮೆಯ ಅರಸೀಕೆರೆ, ಕಡೂರು ಕಡೆಯ ತೆಂಗಿನ ಡ್ರಿಪ್ಪಿಗೆ ಇದು ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ಮರದ ನೆರಳು, ಬೆಳಗಿನ ಮಂಜು. ಮೋಡ ಅಡ್ಡ ಬಂದರೆ ಜೆಟ್ ತಿರುಗುವುದೇ ನಿಧಾನ. ನರ್ಸರಿಗೆ, ಮೆಣಸಿನ ಬಳ್ಳಿಗೆ ನೀರು ಬಿಡಲು ಸಾಕು, ಹೂವಿಗೆ ಸಾಲದು.

ಹೂವಿಗೆ ಡೀಸೆಲ್, ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಕೊಡುವ ಎರಡನೇ ನೀರಿಗೆ, ಅಂದರೆ ಬ್ಯಾಕಿಂಗ್‌ಗೆ ಕರೆಂಟ್, ಇದು ಸದ್ಯದ ನನ್ನ ಏರ್ಪಾಡು. ಕೆರೆ ಪಕ್ಕಕ್ಕೆ ಟಿಸಿ ಬಂದರೆ ಎರಡಕ್ಕೂ ಕರೆಂಟೇ ಸಾಕು. ಹೊಸ ಮೋಟಾರ್ ತರುವವರು ಮೊದಲು ಹೂವಿನ ಸಮಯದಲ್ಲಿ, ಅಕ್ಕಪಕ್ಕದವರ ಮೋಟಾರ್ ಓಡುವಾಗ, ಸ್ಟಾರ್ಟರ್ ಹತ್ತಿರ ಮೂರೂ ಫೇಸಿನ ವೋಲ್ಟೇಜ್ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.