ಹಳೇ ಜೋಡಿ ನಳಿಗೆ ಕೋವಿ: ‘ಲಂಡನ್’ ಹೆಸರಿಗೆ ದುಡ್ಡು ಸುರಿಯುವ ಮೊದಲು ನಳಿಗೆ ಕಳಚಿ ನೋಡಿ

ಮಲೆನಾಡಿನ ಕಾಫಿ ಬೆಳೆಗಾರರೊಬ್ಬರು ಬೆಳೆ ರಕ್ಷಣೆಯ ಪರವಾನಗಿ ಮೇಲೆ ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಒಳಗಾತ್ರದ ಅಳತೆ) ಹಳೇ ಜೋಡಿ ನಳಿಗೆ ಕೋವಿಯೊಂದನ್ನು 1,80,000 ರೂಪಾಯಿ ಕೊಟ್ಟು ತಂದರು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಲಂಡನ್’ ಎಂಬ ಕೆತ್ತನೆ, ಮಿರಮಿರ ಮಿಂಚುವ ಕಪ್ಪು ಬಣ್ಣ. ‘ಇಂಥದ್ದು ಇನ್ನು ಸಿಗಲ್ಲ ಸಾರ್, ನಾಳೆ ಬಂದ್ರೆ ಇರಲ್ಲ’ ಎಂದು ಅಂಗಡಿಯವರು ಅವಸರ ಮಾಡಿದ್ದರು. ಊರಿಗೆ ತಂದ ಮೇಲೆ ಕೋವಿ ರಿಪೇರಿಯವರು ನಳಿಗೆ ಕಳಚಿ ಮಗುಚಿ ನೋಡಿದಾಗ ಬುಡದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಎಂಬ ಮುದ್ರೆ ಕಂಡಿತು. ಅದು ಬೆಲ್ಜಿಯಂನ ಲೀಯೇಜ್ ನಗರದ ಪರೀಕ್ಷಾ ಮುದ್ರೆ, ಅಂದರೆ ನಳಿಗೆ ಮದ್ದಿನ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಹೊಡೆಯುವ ಗುರುತು. ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಗುರುತು ಎಲ್ಲೂ ಇರಲಿಲ್ಲ. ತೋಟಾ ಕೂರುವ ಗೂಡಿನ ಉದ್ದ 65 ಮಿಮೀ. ಎಡ ನಳಿಗೆಯ ಒಳಗಿನ ತುಕ್ಕಿನ ಗುಳಿಗಳನ್ನು ಉಜ್ಜಿ ತೆಗೆದಿದ್ದರಿಂದ ಗೋಡೆ ತೆಳುವಾಗಿತ್ತು. ಅಂಗಡಿಗೆ ವಾಪಸ್ ಒಯ್ದರೆ, ‘ನೋಡಿಯೇ ತಗೊಂಡಿದ್ದೀರಲ್ಲ’ ಎಂಬ ಉತ್ತರ.

ಬೆಲ್ಜಿಯಂ ಕೋವಿಯೆಲ್ಲ ಕಳಪೆಯಲ್ಲ, ಅಲ್ಲಿ ಅತ್ಯುತ್ತಮ ಕೋವಿಗಳೂ ಆಗಿವೆ. ಆದರೆ ಇಂಗ್ಲಿಷ್ ಹೆಸರು ಹೊಡೆದು ಹೊರದೇಶಗಳಿಗೆ ಕಳಿಸಿದ ಅಗ್ಗದ ಮಾಲೂ ಲೀಯೇಜಿನಿಂದ ಬೇಕಾದಷ್ಟು ಹೊರಬಂದಿತ್ತು. ಹಾಗಾಗಿ ಪಟ್ಟಿಯ ಮೇಲಿನ ಅಕ್ಷರಕ್ಕೆ ಬೆಲೆ ಕಟ್ಟಬೇಡಿ, ನಳಿಗೆಯ ಬುಡದ ಮುದ್ರೆ ಓದಿ. ಇಂಗ್ಲೆಂಡಿನದಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು ಇರುತ್ತದೆ. ಆ ಗುರುತಿನಲ್ಲಿ ‘ಎನ್‌ಪಿ’ ಅಥವಾ ‘ಬಿಎನ್‌ಪಿ’ ಇದ್ದರೆ, ಇಲ್ಲವೇ ‘ನೈಟ್ರೊ ಪ್ರೂಫ್’ ಎಂದು ಬರೆದಿದ್ದರೆ, ಅದು ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ನಳಿಗೆ. ಬೆಲ್ಜಿಯಂನದಕ್ಕೆ ಸಿಂಹದ ಚಿತ್ರದ ಜೊತೆ ‘ಪಿವಿ’ ಇರಬೇಕು. ಇವು ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಸುರುಳಿ ಸುರುಳಿಯಾಗಿ ಡಮಾಸ್ಕಸ್ ಗೆರೆ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆಯ ಗುರುತು) ಕಂಡರೆ, ಅದು ಕರಿಮದ್ದಿನ ಕಾಲದ ಕೋವಿಯೆಂದೇ ತಿಳಿಯಿರಿ. ಗೋಡೆಯ ಮೇಲೆ ನೇತುಹಾಕಲು ಚೆಂದ, ಇಂದಿನ ತೋಟಾ ಹಾಕಿದರೆ ಕೈಯೇ ಹೋಗಬಹುದು.

65 ಮಿಮೀ ಗೂಡಿನ ವಿಷಯದಲ್ಲಿ ಮೋಸ ಹೋಗುವುದು ಬಲು ಸುಲಭ. 70 ಮಿಮೀ ತೋಟಾದ ಬಾಯಿ ಮಡಚಿರುವುದರಿಂದ ಹಾರಿಸುವ ಮುಂಚೆ ಅದು 65ಕ್ಕಿಂತ ಗಿಡ್ಡವಾಗಿಯೇ ಇರುತ್ತದೆ, ಸಲೀಸಾಗಿ ಒಳಗೆ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿ ಮುಂದಿನ ಇಕ್ಕಟ್ಟಿನೊಳಗೆ ಚಾಚಿಕೊಳ್ಳುತ್ತದೆ. ಚರೆ ಸಾಗುವ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ‘ತೋಟಾ ಕೂತಿತಲ್ಲ, ಸರಿಯಾಗಿದೆ’ ಎಂಬ ಮಾತನ್ನು ನಂಬಲೇಬೇಡಿ. ಗೂಡನ್ನು ಗೇಜಿನಿಂದ ಅಳೆಸಿ, ತೋಟಾ ಡಬ್ಬಿಯ ಮೇಲಿನ ಅಳತೆ ಓದಿ.

ಅಂಗಡಿಯಲ್ಲಿ ಮೊದಲು ಎರಡೂ ಗೂಡು ಖಾಲಿಯೆಂದು ನೀವೇ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆಯ ಕೆಳಗಿನ, ಮುಂಗೈ ಹಿಡಿಯುವ ಮರ ತೆಗೆಸಿ ನಳಿಗೆ ಬೇರ್ಪಡಿಸಿ. ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಲು ಹೇಳಿ, ಏಕೆಂದರೆ ದಪ್ಪ ಗ್ರೀಸು ಗುಳಿಗಳನ್ನು ಮುಚ್ಚುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ಎರಡೂ ತುದಿಯಿಂದ ನಿಧಾನ ತಿರುಗಿಸುತ್ತ ನೋಡಿ. ಒಳಗೆ ಕಾಣುವ ನೆರಳಿನ ಉಂಗುರಗಳು ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ತಗ್ಗನ್ನು ಎತ್ತಿಸಬಹುದು, ಉಬ್ಬಿದ ನಳಿಗೆ ಬೇಡ. ಹನ್ನೆರಡು ಬೋರಿನ ಒಳವ್ಯಾಸ ಸುಮಾರು 18.5 ಮಿಮೀ. ಬುಡದಿಂದ 9 ಇಂಚು ಒಳಗೆ ಅಳೆಸಿ, ಮುದ್ರೆಯಲ್ಲಿರುವ ಅಳತೆಗೆ ಹೋಲಿಸಿ. ಹೆಚ್ಚಾಗಿದ್ದರೆ ಉಜ್ಜಿದ್ದಾರೆ ಎಂದೇ ಅರ್ಥ. ನಳಿಗೆಯನ್ನು ಬುಡದ ಕೊಕ್ಕೆಯಲ್ಲಿ ದಾರಕ್ಕೆ ತೂಗುಹಾಕಿ ಪೆನ್ಸಿಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಗರಗರ ಎಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ.

ಮತ್ತೆ ಜೋಡಿಸಿ, ಮುಂಗೈ ಮರ ಹಾಕದೆ, ಹಿಡಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಎಂದರೆ ಸಂದು ಸವೆದಿದೆ. ಟ್ರಿಗರ್ ಪರೀಕ್ಷೆಗೆ ಡಮ್ಮಿ ತೋಟಾ ಕೇಳಿ. ಹಿಡಿ ಕಿರಿದಾಗುವ ಜಾಗದಲ್ಲಿ ಕೂದಲೆಳೆಯ ಬಿರುಕೂ ಇರಕೂಡದು. ಕೆತ್ತನೆಯ ಅಂಚು ಮೊಂಡಾಗಿದ್ದು, ಸ್ಕ್ರೂ ತಲೆಗಳು ಕೆತ್ತಿ ಹೋಗಿದ್ದು, ಬಣ್ಣ ಮಾತ್ರ ಹೊಸದಾಗಿದ್ದರೆ ತುಕ್ಕು ಉಜ್ಜಿ ಬಣ್ಣ ಕೊಟ್ಟಿದ್ದಾರೆ. ಸ್ಪ್ರಿಂಗು, ಪಿನ್ನು ಹೊಸದು ಮಾಡಿಸಬಹುದು. ನಳಿಗೆ ಕೆಟ್ಟಿದ್ದರೆ ಆ ಕೋವಿಗೆ ಬೆಲೆಯೇ ಇಲ್ಲ, ಅರ್ಧ ಬೆಲೆಗೂ ಬೇಡ.

ಬೆಲೆ ಇಷ್ಟು ಏರಲು ಕಾರಣವಿದೆ. 1980ರ ದಶಕದಿಂದ ಸಾಮಾನ್ಯರಿಗೆ ವಿದೇಶಿ ಕೋವಿಯ ಆಮದು ಬಂದ್ ಆಗಿದೆ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರ ಬಳಿ ಇರಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿದು, ಮೂರನೆಯದನ್ನು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಆದ್ದರಿಂದ ನಾಲ್ಕು ಕಡೆ ವಿಚಾರಿಸದೆ ‘ಇನ್ನು ಸಿಗಲ್ಲ’ ಎಂಬುದಕ್ಕೆ ಹೆದರಬೇಡಿ. ಹೊಸ ದೇಶಿ ಕೋವಿಯ ಅಂದಿನ ದರವನ್ನೂ ಕೇಳಿಟ್ಟುಕೊಳ್ಳಿ, ಹೋಲಿಕೆಗೆ ಅದೇ ಅಳತೆಗೋಲು.

ಖಾಸಗಿಯವರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ನಿಮ್ಮ ಹೆಸರು, ವಿಳಾಸ ಸಮೇತ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ‘ಇವತ್ತೇ ಕೊಂಡೊಯ್ಯಿರಿ’ ಎನ್ನುವವರಿಂದ ದೂರವಿರಿ. ಆ 45 ದಿನ ಪರೀಕ್ಷೆ ಮಾಡಿಸಲು ನಿಮಗೆ ಸಿಗುವ ಸಮಯ.

ಅಂಗಡಿಯ ಬಿಲ್ಲಿನಲ್ಲಿ ತಯಾರಕರ ಹೆಸರು, ಬೋರು, ಗೂಡಿನ ಉದ್ದ, ನಂಬರು ಬರೆಸಿ. ನಳಿಗೆ, ಬಾಡಿ, ಮುಂಗೈ ಮರದ ಕಬ್ಬಿಣ ಮೂರರಲ್ಲೂ ನಂಬರು ಒಂದೇ ಇರಲಿ. ಹೊಸ ಶಾಟ್‌ಗನ್ನಿಗೆ ಜಿಎಸ್‌ಟಿ 18 ಶೇಕಡಾ. ಖಾಸಗಿಯವರಿಂದ ಪಡೆದ ಹಳೇ ಕೋವಿಗೆ ವ್ಯಾಪಾರಿ ತನ್ನ ಲಾಭದ ಮೊತ್ತದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶವಿದೆ, ಪೂರ್ತಿ ಬೆಲೆಗೆ ಹಾಕಿದ್ದರೆ ಯಾಕೆಂದು ಕೇಳಿ. ಮುಂಗಡ ಕೊಡುವುದಾದರೆ ‘ಪರೀಕ್ಷೆಯಲ್ಲಿ ದೋಷ ಕಂಡರೆ ಅಥವಾ ಪರವಾನಗಿಯಲ್ಲಿ ನಮೂದಾಗದಿದ್ದರೆ ಹಣ ವಾಪಸ್’ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.