ಕೌದಿಯ ನಕ್ಷೆ: ಗ್ರಾಫ್ ಹಾಳೆಯೋ, ಸ್ಪ್ರೆಡ್‌ಶೀಟೋ?

ನಮ್ಮವ್ವ ಕೌದಿ (ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆ) ಹೊಲಿಯುವಾಗ ಯಾವ ಹಾಳೆಯನ್ನೂ ಮುಂದಿಟ್ಟುಕೊಳ್ಳುವುದಿಲ್ಲ. ಹಳೆ ಸೀರೆ, ಧೋತರ ಹಾಸುತ್ತಾಳೆ, ಕೈಗೆ ಸಿಕ್ಕ ತುಂಡು ಇಡುತ್ತಾಳೆ, ಹೊಲಿಯುತ್ತಾ ಹೋಗುತ್ತಾಳೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ಹಾಗೆಯೇ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವಿನಂತೆ ಕೂರಿಸುತ್ತಾರೆ. ಆ ಕಣ್ಣಳತೆ ನನಗಿನ್ನೂ ಬಂದಿಲ್ಲ. ಅದಕ್ಕೇ ಎರಡು ಕೌದಿಗೆ ಎರಡು ದಾರಿ ಹಿಡಿದೆ. ಎರಡೂ 60 ಇಂಚು ಅಗಲ, 90 ಇಂಚು ಉದ್ದ. 5 ಇಂಚಿನ ಚೌಕ ಅಂದರೆ ಅಗಲಕ್ಕೆ 12, ಉದ್ದಕ್ಕೆ 18, ಒಟ್ಟು 216 ತುಂಡು.

ಮೊದಲನೆಯದು ಶಾಲೆ ಮಕ್ಕಳ ಗ್ರಾಫ್ ಹಾಳೆ. ಒಂದು ಸೆಂಟಿಮೀಟರ್ ಚೌಕಕ್ಕೆ ಒಂದು ತುಂಡು, ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ಕೂತ ಅರ್ಧ ಗಂಟೆಯಲ್ಲಿ ಇಡೀ ಕೌದಿ ಕಣ್ಣಿಗೆ ಬಿತ್ತು. ಆದರೆ ಹಾಳೆಯಲ್ಲಿ ಹೊಲಿಗೆಗೆ ಜಾಗವಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. 5 ಇಂಚಿಗೇ ಕತ್ತರಿಸಿಬಿಟ್ಟೆ. ನಾಲ್ಕೂ ಕಡೆ ಕಾಲು ಇಂಚು ಒಳಗೆ ಹೋಗಿ ಕೌದಿ 54ಕ್ಕೆ 81 ಇಂಚಾಯಿತು. ದಯವಿಟ್ಟು 5.5ಕ್ಕೆ ಕತ್ತರಿಸಿ, ಆ ಅಂಕಿಯನ್ನು ಹಾಳೆಯ ಮೇಲೇ ದೊಡ್ಡದಾಗಿ ಬರೆದಿಡಿ.

ಎರಡನೆಯದಕ್ಕೆ ಸ್ಪ್ರೆಡ್‌ಶೀಟ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಮನೆಮನೆಯ ಹಾಳೆ. ಸಾಲು, ಕಂಬ ಎರಡನ್ನೂ 30 ಪಿಕ್ಸೆಲ್ ಮಾಡಿದರೆ ಮನೆಗಳು ಚೌಕವಾಗುತ್ತವೆ. ನಾನು ಬಣ್ಣ ತುಂಬದೆ ಅಕ್ಷರ ಬರೆದೆ: ಕೆಂಪಿಗೆ ‘ಕೆ’, ಹಸಿರಿಗೆ ‘ಹ’. ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿದರೆ ಅಕ್ಷರ ನೋಡಿ ಮನೆಗೆ ತಾನೇ ಬಣ್ಣ ಬರುತ್ತದೆ. ಕೌಂಟ್‌ಇಫ್ ಸೂತ್ರ ಯಾವ ಬಣ್ಣ ಎಷ್ಟು ಅಂತ ಎಣಿಸುತ್ತದೆ. ಇಲ್ಲೇ ನನಗೆ ನಿಜವಾದ ಲಾಭ ಸಿಕ್ಕಿದ್ದು. ಕೆಂಪು 72 ಬೇಕಿತ್ತು. ನನ್ನ ಅಂಚಿಲ್ಲದ ಕಾಟನ್ ಸೀರೆ 45 ಇಂಚು ಅಗಲ. 5.5 ಇಂಚಿನ ಒಂದು ಪಟ್ಟಿಯಲ್ಲಿ 8 ತುಂಡು, ಅಂದರೆ 9 ಪಟ್ಟಿ, 49.5 ಇಂಚು ಉದ್ದ ಸಾಕು. ಮಿಕ್ಕ ಸೀರೆ ಹಿಂದಿನ ಪದರಕ್ಕಾಯಿತು. ಹಾಳೆಯಲ್ಲಾಗಿದ್ದರೆ ಪ್ರತಿ ಸಲ ಬಣ್ಣ ಬದಲಿಸಿದಾಗಲೂ 216 ಮನೆ ಮತ್ತೆ ಎಣಿಸಬೇಕಿತ್ತು.

ಇನ್ನು ಬಣ್ಣದ ವಿಷಯಕ್ಕೆ ಎರಡನ್ನೂ ನಂಬಬೇಡಿ. ಕತ್ತರಿಸುವ ಮೊದಲು ಬಟ್ಟೆಗಳನ್ನು ನೆಲದ ಮೇಲೆ ಪಕ್ಕಪಕ್ಕ ಹಾಸಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದೆ. ಸ್ಕ್ರೀನಿನಲ್ಲಿ ಅಷ್ಟು ಬೇರೆ ಕಂಡ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿತ್ತು! ದೂರದಿಂದ ನೋಡಿದರೆ ವಿನ್ಯಾಸವೇ ಕಾಣುತ್ತಿರಲಿಲ್ಲ. ‘ಹ’ ಇದ್ದಲ್ಲೆಲ್ಲ ‘ಅ’ ಮಾಡಿ ಅರಿಶಿನ ಬಣ್ಣ ತಂದೆ. ಹುಡುಕಿ ಬದಲಿಸುವ ಆಯ್ಕೆಯಿಂದ ಒಂದೇ ಏಟಿಗೆ ಆಯಿತು.

ಆದರೆ ತ್ರಿಕೋನ ಬಂತೋ, ಸ್ಪ್ರೆಡ್‌ಶೀಟ್ ಕೈಬಿಡುತ್ತದೆ. ಒಂದೇ ಮನೆಯನ್ನು ಓರೆಯಾಗಿ ಸೀಳಿ ಎರಡು ಬಣ್ಣ ತುಂಬಲು ಹೋಗಿ ಒಂದು ಸಂಜೆ ಕಳೆದೆ, ಬರಲಿಲ್ಲ. ಹಾಳೆಯಲ್ಲಿ ಅದು ಒಂದು ಗೆರೆ ಅಷ್ಟೆ. ಬಟ್ಟೆಯಲ್ಲಿ 6 ಇಂಚಿನ ಚೌಕಗಳನ್ನು ಓರೆಯಾಗಿ ಸೀಳಿ, ಬೇರೆ ಬಣ್ಣದ ಜೊತೆ ಹೊಲಿದು, ಆಮೇಲೆ 5.5ಕ್ಕೆ ಸರಿಮಾಡಿಕೊಳ್ಳಿ.

ಬರೀ ಚೌಕದ ಕೌದಿಗೆ ನನ್ನ ಮತ ಸ್ಪ್ರೆಡ್‌ಶೀಟಿಗೆ. ಮೊದಲ ಸಲ ಮಾಡುವವರಿಗೆ, ತ್ರಿಕೋನ ಬೇಕೆನ್ನುವವರಿಗೆ ಗ್ರಾಫ್ ಹಾಳೆಯೇ ವಾಸಿ. ನನ್ನ ಮೂರನೆಯ ಕೌದಿ ಈಗ ನಡೆದಿದೆ. ತ್ರಿಕೋನದ ತೋರಣ ಹಾಳೆಯಲ್ಲಿದೆ, ಎಣಿಕೆ ಕಂಪ್ಯೂಟರಿನಲ್ಲಿದೆ. ನಾಲ್ಕು ಮೂಲೆ ಮಾತ್ರ ಎರಡರಲ್ಲೂ ಖಾಲಿ ಬಿಟ್ಟಿದ್ದೇನೆ, ಅವು ಅವ್ವನಿಗೆ.